800 ಮೀಟರ್ ಓಟ ಹಿಡಿಯಲಾ, 1500 ಹಿಡಿಯಲಾ?

ಪುಣೆಯ ಬಾಲೇವಾಡಿ ಟ್ರ್ಯಾಕಿಗೆ ಬರುವ ನಮ್ಮ ಕನ್ನಡದ ಹುಡುಗರು ಕೇಳೋದು ಇದನ್ನೇ. 2013ರ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ನಡೆದದ್ದೂ ಇಲ್ಲೇ ಅಲ್ವಾ!

800 ಅಂದರೆ ಎರಡೇ ಸುತ್ತು. ಮೊದಲ ತಿರುವು ಅವರವರ ಲೇನಿನಲ್ಲಿ, ಆಮೇಲೆ ಎಲ್ಲರೂ ಒಳಗೆ ನುಗ್ಗುತ್ತಾರೆ. ಮೊಣಕೈ ತಾಗುತ್ತದೆ, ಹಿಂದಿನವರ ಸ್ಪೈಕ್ಸ್ (ಮೊಳೆಯಿರುವ ಶೂ) ಮೀನಖಂಡ ಗೀರುತ್ತದೆ. 600 ಮೀಟರ್ ದಾಟಿದರೆ ಕಾಲು ಕಲ್ಲಾಗುತ್ತದೆ. ತಪ್ಪು ತಿದ್ದಿಕೊಳ್ಳಲು ಸಮಯವೇ ಇಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೀನ್ಯಾದ ಓಟಗಾರ ಡೇವಿಡ್ ರುಡಿಶಾ 800ಕ್ಕೆ ತೆಗೆದುಕೊಂಡದ್ದು ಬರೀ 1 ನಿಮಿಷ 40.91 ಸೆಕೆಂಡ್.

1500ಕ್ಕೆ ಮೂರೂಮುಕ್ಕಾಲು ಸುತ್ತು. ದಮ್ಮು ಜಾಸ್ತಿ ಬೇಕು, ತಾಳ್ಮೆ ಇನ್ನೂ ಜಾಸ್ತಿ.

400 ಜೋರಾಗಿ ಓಡ್ತೀರಾ? 800 ಹಿಡಿಯಿರಿ. ಭಾನುವಾರ ಹತ್ತು ಕಿಲೋಮೀಟರ್ ಸುಮ್ನೆ ಖುಷಿಗೆ ಓಡುವವರಿಗೆ 1500. ಎರಡೂ ಬೇಕಾ? ಕೇರಳದ ಓಟಗಾರ ಜಿನ್ಸನ್ ಜಾನ್ಸನ್ ಅವರನ್ನು ನೋಡಿ: 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 800ರಲ್ಲಿ ಬೆಳ್ಳಿ, 1500ರಲ್ಲಿ ಚಿನ್ನ.