ಶಿಮಾನೊ 11-34 ಕ್ಯಾಸೆಟ್: ಚಾಮುಂಡಿ ಬೆಟ್ಟದ ಏರಿನಲ್ಲಿ ಕಂಡದ್ದು

ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ತುಳಿಯುವ ಹಂಬಲವಿಟ್ಟುಕೊಂಡು ಮೈಸೂರಿನಲ್ಲಿ ಅಭ್ಯಾಸ ಮಾಡುವವರಿಗೆ ಊರಿಗೆ ಅಂಟಿಕೊಂಡಂತೆ ಸಿಗುವ ದೊಡ್ಡ ಏರು ಎಂದರೆ ಚಾಮುಂಡಿ ಬೆಟ್ಟವೊಂದೇ. ಆ ಅಭ್ಯಾಸಕ್ಕಾಗಿಯೇ ನನ್ನ ರೋಡ್ ಸೈಕಲ್ಲಿನ ಹಿಂಚಕ್ರದಲ್ಲಿದ್ದ 11-28 ಕ್ಯಾಸೆಟ್ಟನ್ನು (ಗೇರಿನ ಹಲ್ಲುಚಕ್ರಗಳ ಗೊಂಚಲು; ಅಂಕಿಗಳು ಅದರ ಅತಿ ಚಿಕ್ಕ ಮತ್ತು ಅತಿ ದೊಡ್ಡ ಚಕ್ರದ ಹಲ್ಲುಗಳ ಎಣಿಕೆ) ತೆಗೆಸಿ, ಶಿಮಾನೊ ಕಂಪನಿಯ ಹನ್ನೊಂದು ಗೇರಿನ 11-34 ಕ್ಯಾಸೆಟ್, ಅಂದರೆ ಎಚ್‌ಜಿ 700 ಮಾದರಿಯನ್ನು ಹಾಕಿಸಿದೆ.

ಜೋಡಿಸಿಕೊಟ್ಟ ಮೆಕ್ಯಾನಿಕ್ "ಚಾಮುಂಡಿ ಬೆಟ್ಟಕ್ಕೆ ಮೂವತ್ನಾಲ್ಕು ಹಲ್ಲು ಯಾಕೆ ಸಾರ್, ಇಪ್ಪತ್ತೆಂಟೇ ಸಾಕಲ್ಲ" ಎಂದಿದ್ದರು. ಬೆಳಿಗ್ಗೆ ಒಮ್ಮೆ ಹತ್ತಿ, ಮೇಲೆ ಕಾಫಿ ಕುಡಿದು ಇಳಿಯುವವರ ಮಟ್ಟಿಗೆ ಅವರ ಮಾತು ಪೂರ್ತಿ ಸರಿ. ಆದರೆ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದಲ್ಲಿದ್ದು, ಊರಿನಿಂದ ನಾವು ನಿಜವಾಗಿ ಏರುವುದು ಸುಮಾರು 300 ಮೀಟರ್ ಮಾತ್ರ. ಸುಮಾರು 2,050 ಮೀಟರ್ ಎತ್ತರದ ಮನಾಲಿಯಿಂದ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗದ ನೆತ್ತಿಗೆ ಐವತ್ತು ಕಿಲೋಮೀಟರ್ ದಾರಿಯಲ್ಲಿ ಏರಬೇಕಾದದ್ದು ಇಂಥ ಆರು ಬೆಟ್ಟಗಳಿಗಿಂತ ಹೆಚ್ಚು. ಅದೂ ಆ ದಾರಿಯ ಮೊದಲ ಏರು ಅಷ್ಟೆ. ಹಾಗಾಗಿ ಈ ಕ್ಯಾಸೆಟ್ಟನ್ನು ಒಂದು ಏರಿನಲ್ಲಿ ತೂಗಿ ನೋಡುವುದು ನ್ಯಾಯವಲ್ಲ. ಹತ್ತಿ, ಇಳಿದು, ನೀರು ಕುಡಿದು ಮತ್ತೆ ಹತ್ತುವಾಗ, ತೊಡೆಗಳು ಸೋತು ಉಸಿರು ಮೇಲೆ ಬಂದಿರುವಾಗ ಅದರ ಗುಣ ಗೊತ್ತಾಗುತ್ತದೆ.

ಲೆಕ್ಕ ಸರಳವಾಗಿದೆ. ಮುಂದೆ ಪೆಡಲಿನ ಬಳಿಯಿರುವ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲುಗಳಿದ್ದು ಹಿಂದೆಯೂ 34 ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಗಾಲಿಯೂ ಒಂದೇ ಸುತ್ತು ತಿರುಗಿ ಸೈಕಲ್ ಸುಮಾರು 2.1 ಮೀಟರ್ ಸಾಗುತ್ತದೆ; ಹಿಂದೆ 28 ಇದ್ದಾಗ ಅದೇ ಸುತ್ತಿಗೆ ಸುಮಾರು 2.55 ಮೀಟರ್ ಸಾಗಬೇಕಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿಯುವವರು 28ರಲ್ಲಿ ಗಂಟೆಗೆ ಒಂಬತ್ತು ಕಿಲೋಮೀಟರಿಗಿಂತ ನಿಧಾನವಾಗುವಂತಿಲ್ಲ, ಆದರೆ 34ರಲ್ಲಿ ಏಳೂವರೆಗೆ ಇಳಿದರೂ ಕಾಲಿನ ಲಯ ಕೆಡುವುದಿಲ್ಲ. ತಿರುವಿನಲ್ಲಿ ರಸ್ತೆ ಕಡಿದಾದ ಕೂಡಲೇ ಸೀಟಿನಿಂದ ಎದ್ದು ನಿಂತು ತುಳಿಯುವ ಅಭ್ಯಾಸವಿದ್ದ ನಾನು ಈಗ ಕುಳಿತೇ ಮೇಲೆ ತಲುಪುತ್ತೇನೆ, ಮೊಣಕಾಲಿನ ನೋವೂ ಕಡಿಮೆಯಾಗಿದೆ. ವೇಗ ಹೆಚ್ಚಿದೆಯೇ ಎಂದು ಕೇಳಿದರೆ ಖಂಡಿತ ಇಲ್ಲ, ಒಂದಿಷ್ಟು ತಗ್ಗಿದೆ ಎಂದೇ ಹೇಳಬೇಕು.

ಈ ನಿಧಾನವೇ ಲಡಾಖಿಗೆ ಬೇಕಾದದ್ದು ಎಂಬುದು ನನ್ನ ಅಭಿಪ್ರಾಯ. ಆ ದಾರಿಯ ಅತಿ ಎತ್ತರದ ಕಣಿವೆಮಾರ್ಗವಾದ ತಗ್ಲಾಂಗ್ ಲಾ ಸುಮಾರು 5,300 ಮೀಟರಿನಲ್ಲಿದ್ದು, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಕ್ಕೆ ಇಳಿದಿರುತ್ತದೆ. ಚಾಮುಂಡಿಯನ್ನು ಎಷ್ಟು ಸಲ ಹತ್ತಿದರೂ ಆ ತೆಳುಗಾಳಿಯ ಅಭ್ಯಾಸ ಇಲ್ಲಿ ಆಗುವುದಿಲ್ಲ. ಇಲ್ಲಿ ಕಲಿಯಬಹುದಾದದ್ದು ಏದುಸಿರು ಬಿಡದೆ, ಮಾತನಾಡಲು ಸಾಧ್ಯವಾಗುವಷ್ಟು ಹದದಲ್ಲಿ ಗಂಟೆಗಟ್ಟಲೆ ಏರುವ ಶಿಸ್ತನ್ನು ಮಾತ್ರ, ಅದಕ್ಕೆ ಈ ಕೊನೆಯ ಗೇರು ಅನುವು ಮಾಡಿಕೊಡುತ್ತದೆ. ಸಾಮಾನಿನ ಚೀಲ ಕಟ್ಟಿಕೊಂಡು ಜಕ್ಕನಹಳ್ಳಿಯ ಕಡೆಯಿಂದ ಮೇಲುಕೋಟೆಗೆ ಏರಿದಾಗ, 28 ಹಲ್ಲಿನ ಗೇರನ್ನು ನೆನೆಸಿಕೊಳ್ಳಲೂ ಮನಸ್ಸಾಗಲಿಲ್ಲ. ಶ್ರೀರಂಗಪಟ್ಟಣದ ಕರಿಘಟ್ಟ ತೀರ ಚಿಕ್ಕ ಏರಾದ್ದರಿಂದ ಅಲ್ಲಿ ಹೇಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. (ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟದ ಕಡೆ ಸೈಕಲ್ ತಿರುಗಿಸದಿರುವುದು ಎಲ್ಲರಿಗೂ ಕ್ಷೇಮ.)

ಕೊರತೆ ಸಮತಟ್ಟು ರಸ್ತೆಯಲ್ಲಿದೆ. ಹಳೆಯ ಕ್ಯಾಸೆಟ್ಟಿನಲ್ಲಿ 11, 12, 13, 14, 15 ಎಂದು ಹಲ್ಲುಗಳು ಒಂದೊಂದೇ ಹೆಚ್ಚುತ್ತಿದ್ದರೆ ಇದರಲ್ಲಿ 11, 13, 15, 17 ಎಂದು ಎರಡೆರಡಾಗಿ ಹೆಚ್ಚುತ್ತವೆ. ಮಂಡ್ಯದ ಕಡೆಗೆ ಗುಂಪಿನಲ್ಲಿ ವೇಗವಾಗಿ ಸಾಗುವಾಗ ಒಂದು ಗೇರು ಭಾರವೆನಿಸಿದರೆ ಪಕ್ಕದ್ದು ಸಡಿಲವೆನಿಸುತ್ತದೆ, ನಡುವಿನ 14 ಬೇಕೆನಿಸಿದಾಗ ಅದು ಇರುವುದಿಲ್ಲ. ರೇಸಿಗೆ ಸಿದ್ಧರಾಗುವವರು ಇದನ್ನು ಕೊಳ್ಳಬಾರದು.

ಜೋಡಣೆಯ ವಿಷಯದಲ್ಲಿ ಅಂಗಡಿಯವರನ್ನು ಪೂರ್ತಿ ನಂಬಿ ಸೈಕಲ್ ಬಿಟ್ಟುಬರುವುದಕ್ಕಿಂತ ಪಕ್ಕದಲ್ಲೇ ನಿಂತಿರುವುದು ಒಳ್ಳೆಯದು. ಹನ್ನೊಂದು ಗೇರಿನ ರೋಡ್ ಫ್ರೀಹಬ್ಬಿಗೆ (ಹಿಂಗಾಲಿಯಲ್ಲಿ ಕ್ಯಾಸೆಟ್ ಕೂರುವ ಭಾಗ) ಈ ಕ್ಯಾಸೆಟ್ ಹಾಕುವಾಗ ಒಳಗಡೆ 1.85 ಮಿಲಿಮೀಟರ್ ದಪ್ಪದ ಸ್ಪೇಸರ್ ಎಂಬ ಬಳೆಯನ್ನು ಕೂರಿಸಲೇಬೇಕು; ಮರೆತರೆ ಲಾಕ್‌ರಿಂಗನ್ನು ಎಷ್ಟು ಬಿಗಿದರೂ ಕ್ಯಾಸೆಟ್ ಅಲ್ಲಾಡುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡ ಖರ್ಚು ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರಿನದು. ಶಿಮಾನೊ 105ರ ಆರ್ 7000 ಸರಣಿಯಲ್ಲಿ ಗಿಡ್ಡ ತೋಳಿನ ಡಿರೇಲರ್ 30 ಹಲ್ಲಿನವರೆಗೆ ಮಾತ್ರ, ಉದ್ದ ತೋಳಿನದು 34ರವರೆಗೆ ಕೆಲಸ ಮಾಡುತ್ತದೆ. ಗಿಡ್ಡ ತೋಳಿನದು ಇದ್ದವರು ಕ್ಯಾಸೆಟ್ಟಿನ ಬೆಲೆಯ ಜೊತೆಗೆ ಡಿರೇಲರ್ ಮತ್ತು ಉದ್ದದ ಚೈನ್ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು. ಅಷ್ಟು ಖರ್ಚು ಮಾಡಿಯೂ ಚಾಮುಂಡಿ ಬೆಟ್ಟವನ್ನಷ್ಟೇ ಹತ್ತುವುದಾದರೆ ನನ್ನ ಸಲಹೆ ಬೇಡವೆಂದೇ. ಹಿಮಾಲಯಕ್ಕೋ ನೀಲಗಿರಿಗೋ ಚೀಲ ಕಟ್ಟಿಕೊಂಡು ಹೊರಡುವವರು ಮಾತ್ರ ಹಿಂಜರಿಯಬೇಕಾಗಿಲ್ಲ.

ಹಳೆಯ 11-28 ಅನ್ನು ನಾನು ಮಾರಿಲ್ಲ. ಉದ್ದ ತೋಳಿನ ಡಿರೇಲರಿಗೆ ಅದೂ ಹೊಂದುವುದರಿಂದ ಲೇಹ್‌ನಿಂದ ಮರಳಿದ ಮೇಲೆ ಅದನ್ನೇ ಮತ್ತೆ ಹಾಕಿಸುವ ಯೋಚನೆಯಿದೆ. ಆಗ ಆ ಸ್ಪೇಸರನ್ನು ಮರೆಯದೆ ತೆಗೆಸಬೇಕು.