ಕಬ್ಬಿಗೆ ಡ್ರಿಪ್: ಪೈಪ್ ಮಣ್ಣಿನ ಮೇಲಾ, ಒಳಗಾ?

ಚಾಮರಾಜನಗರ ತಾಲ್ಲೂಕಿನ ನಮ್ಮ ಜಮೀನು ಎರಡು ಥರದ್ದು. ಮೇಲಿನ ತುಂಡು ಮರಳು ಮಿಶ್ರಿತ ಕೆಂಪು ಮಣ್ಣು, ಹಳ್ಳದ ಕಡೆಯದು ಎರೆ, ಅಂದರೆ ಕಪ್ಪು ಮಣ್ಣು. ನೀರು ಒಂದೇ ಬೋರ್‌ವೆಲ್‌ನದು. ಎರಡು ತುಂಡಲ್ಲೂ ಅರ್ಧಕ್ಕೆ ಮಣ್ಣಿನ ಮೇಲೇ ಮಾಮೂಲಿ ಡ್ರಿಪ್ (ಹನಿ ನೀರಾವರಿ) ಎಳೆಸಿ, ಇನ್ನರ್ಧಕ್ಕೆ 9 ಇಂಚು ಆಳದಲ್ಲಿ ಪೈಪ್ ಹೂಳಿಸಿ ಕಬ್ಬು ಬೆಳೆದೆ. ಸಾಲಿಂದ ಸಾಲಿಗೆ 5 ಅಡಿ, 40 ಸೆಂ.ಮೀ.ಗೊಂದು ಡ್ರಿಪ್ಪರ್ (ಪೈಪಿನಿಂದ ನೀರು ಹನಿಯುವ ಬಾಯಿ), ಗಂಟೆಗೆ 2 ಲೀಟರ್. ಎಲ್ಲಾ ಕಡೆಯೂ ಅದೇ ಲೆಕ್ಕ. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಎರೆ ಮಣ್ಣಲ್ಲಿ ಕೂಳೆ ಬಿಡುವವರಿಗೆ (ಕಡಿದ ಬುಡದಿಂದಲೇ ಮತ್ತೆ ಬೆಳೆ ತೆಗೆಯುವವರಿಗೆ) ಹೂತದ್ದೇ ಸರಿ. ಕೆಂಪು ಮಣ್ಣಿಗೆ ಪೈಪ್ ಮೇಲೇ ಇರಲಿ.

ಯಾಕೆ ಅಂತ ತಿಳಿಯಬೇಕಾದರೆ ಗುದ್ದಲಿ ಹಿಡಿದು ಅಗೆದು ನೋಡಬೇಕು. ಎರೆಯಲ್ಲಿ ಸಂಜೆ ನೀರು ಬಿಟ್ಟರೆ ಬೆಳಿಗ್ಗೆಗೆ ಡ್ರಿಪ್ಪರ್‌ನ ಸುತ್ತಲೂ ತೇವ ಅಗಲವಾಗಿ ಹರಡಿರುತ್ತದೆ. ಮೇಲಕ್ಕೂ ಏರಿ, ಸಾಲಿನ ಮೇಲೆ ಕಪ್ಪು ಗೆರೆ ಎಳೆದ ಹಾಗೆ ಕಾಣುತ್ತದೆ. ಕೆಂಪು ಮಣ್ಣಲ್ಲಿ ತೇವ ಮೇಲೇರುವುದೇ ಕಡಿಮೆ, ನೇರ ಕೆಳಗಿಳಿದುಬಿಡುತ್ತದೆ. ಕಬ್ಬಿನ ತುಂಡು ಕೂತಿರುವುದು ಎರಡು ಇಂಚು ಆಳದಲ್ಲಿ, ನೀರು ಬೀಳುವುದು ಒಂಬತ್ತು ಇಂಚಲ್ಲಿ. ಕಣ್ಣು ಹೇಗೆ ಮೊಳೆಯಬೇಕು ಹೇಳಿ? ಮೊಳಕೆ ಬಂದು ಬೇರು ಇಳಿಯುವ ತನಕ ಅಲ್ಲಿ ಹಾಯಿನೀರನ್ನೋ ಸ್ಪ್ರಿಂಕ್ಲರನ್ನೋ ಕೊಡಲೇಬೇಕು. ಬೋರ್‌ವೆಲ್‌ನಲ್ಲಿ ಅಷ್ಟು ನೀರಿದ್ದರೆ ಡ್ರಿಪ್ ಯಾಕೆ ಬೇಕಿತ್ತು, ಅಲ್ವಾ?

ಹೂತ ಪೈಪಿನಿಂದ ನೀರಿನ ಉಳಿತಾಯ ನಿಜ, ಆದರೆ ಮಾರಾಟಗಾರರು ಹೇಳುವಷ್ಟು ಕೊನೆತನಕ ಅಲ್ಲ. ಕಬ್ಬು ಎಳೆಯದಾಗಿದ್ದಾಗ, ಸಾಲಿನ ಮೇಲಿನ ಆ ಗೆರೆ ಬಿಟ್ಟು ಉಳಿದ ಮೇಲ್ಮಣ್ಣು ಒಣಗಿರುವುದರಿಂದ ಬಿಸಿಲಿಗೆ ಆವಿಯಾಗುವುದು ತಪ್ಪುತ್ತದೆ. ಸೋಗೆ ಕೂಡಿಕೊಂಡು ನೆಲಕ್ಕೆ ನೆರಳು ಬಿದ್ದ ಮೇಲೆ ಎರಡಕ್ಕೂ ಅಂಥ ವ್ಯತ್ಯಾಸ ಉಳಿಯುವುದಿಲ್ಲ. ನನಗೆ ಅದಕ್ಕಿಂತ ದೊಡ್ಡ ಲಾಭ ಕಂಡದ್ದು ಕಳೆಯಲ್ಲಿ. ಎರಡು ಮಳೆಯ ನಡುವೆ ಹೂತ ಸಾಲುಗಳಲ್ಲಿ ಕಳೆ ಏಳುವುದೇ ಅಪರೂಪ.

ಇನ್ನು ಕಟಾವು. ಮೇಲಿನ ಪೈಪಾದರೆ ಕಡಿಯುವ ಮೊದಲು ಎಲ್ಲವನ್ನೂ ಸುತ್ತಿ ಬದಿಗಿಡಬೇಕು, ಕೂಳೆ ಸವರಿದ ಮೇಲೆ ಮತ್ತೆ ಎಳೆಯಬೇಕು. ಬಿದ್ದ ಕಬ್ಬಿನ ಕೆಳಗಿಂದ ಪೈಪ್ ಎಳೆಯುವ ಕಷ್ಟ ಎಳೆದವರಿಗೇ ಗೊತ್ತು. ಒಂದೆರಡು ಸಾಲು ಒಳಗೇ ಉಳಿದರೆ ಕತ್ತಿಗೋ ಟ್ರ್ಯಾಕ್ಟರ್ ಚಕ್ರಕ್ಕೋ ಹೋಯಿತು. ಪಕ್ಕದ ಹೊಲದವರು ತರಗಿಗೆ ಬೆಂಕಿ ಇಟ್ಟರಂತೂ ಎದೆ ಢವಢವ. ಹೂತದ್ದಕ್ಕೆ ಈ ಯಾವ ತಲೆನೋವೂ ಇಲ್ಲ. ತರಗನ್ನು ಹಾಗೇ ಹರಡಿ ಬಿಟ್ಟು ಮಾರನೇ ದಿನವೇ ನೀರು ಕೊಡಬಹುದು.

ಹಾಗಂತ ಹೂತು ಮರೆತುಬಿಡುವ ಹಾಗಿಲ್ಲ. ಮೇಲಿನ ಪೈಪಲ್ಲಿ ಡ್ರಿಪ್ಪರ್ ಕಟ್ಟಿಕೊಂಡರೆ ಕಣ್ಣಿಗೆ ಕಾಣುತ್ತದೆ. ಒಳಗಿನದು ಕಬ್ಬು ಹಳದಿಯಾದಾಗಲೇ ಗೊತ್ತಾಗುವುದು. ಅದಕ್ಕೇ ನೀರಿನ ಮೀಟರ್ ಬೇಕೇ ಬೇಕು. ಅದೇ ಪ್ರೆಶರ್‌ನಲ್ಲಿ ಹರಿವು ದಿನೇ ದಿನೇ ಇಳಿಯುತ್ತಿದ್ದರೆ ಎಲ್ಲೋ ಕಟ್ಟಿಕೊಳ್ಳುತ್ತಿದೆ. ಪ್ರೆಶರ್ ಇಳಿದು ಹರಿವು ಏರಿದರೆ ಹೆಗ್ಗಣ ಕಡಿದಿದೆ ಅಂತಲೇ ಲೆಕ್ಕ. ಎತ್ತರದ ಜಾಗದಲ್ಲಿ ಪೈಪಿನೊಳಗೆ ಗಾಳಿ ಬಿಡುವ ಏರ್ ವಾಲ್ವ್ ಇರಲೇಬೇಕು. ಇಲ್ಲದಿದ್ದರೆ, ಮೋಟಾರ್ ನಿಂತಾಗ ಪೈಪಿನ ನೀರು ತಗ್ಗಿಗೆ ಇಳಿಯುತ್ತದಲ್ಲ, ಆ ಎಳೆತಕ್ಕೆ ಡ್ರಿಪ್ಪರ್‌ಗಳು ಸುತ್ತಲಿನ ಕೆಸರನ್ನೇ ಒಳಗೆ ಹೀರಿಕೊಳ್ಳುತ್ತವೆ. ಸಾಲುಗಳ ಕೊನೆಯನ್ನೆಲ್ಲ ಒಂದು ಪೈಪಿಗೆ ಸೇರಿಸಿ, ಒಳಗಿನ ಕೊಳೆ ಹೊರಬಿಡುವ ಫ್ಲಶ್ ವಾಲ್ವ್ ಇಡಿಸಿ. ನಮ್ಮದು ಗಡಸು ನೀರು. ಮೊದಲ ಸಲ ತಿರುಗಿಸಿದಾಗ ಬಿಳಿ ಸುಣ್ಣದ ಚೂರು ಬಳಬಳನೆ ಬಂತು. ಆಗಾಗ ಆಸಿಡ್ ಬಿಟ್ಟು, ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಫ್ಲಶ್ ಮಾಡುತ್ತೇನೆ. ಕೈಗವಸು ಇಲ್ಲದೆ ಈ ಕೆಲಸ ಬೇಡ. ನೀರಿಗೆ ಆಸಿಡ್ ಸುರಿಯಬೇಕೇ ಹೊರತು ಆಸಿಡ್‌ಗೆ ನೀರನ್ನಲ್ಲ.

ಬೇರು ನುಗ್ಗುವುದು ಇನ್ನೊಂದು ಭಯ. 1960ರ ದಶಕದಲ್ಲಿ ಇಸ್ರೇಲಿನಲ್ಲಿ ಹನಿ ನೀರಾವರಿ ಬೆಳೆಯುತ್ತಿದ್ದಾಗ ಹೂತ ಪೈಪುಗಳಿಗೆ ಇದೇ ತೊಂದರೆಯಾಗಿ ಅವನ್ನು ನೆಲದ ಮೇಲಕ್ಕೆ ತಂದರು. ಮಣ್ಣು ಒಣಗಿದಾಗಲೇ ಬೇರು ನೀರು ಹುಡುಕಿ ಡ್ರಿಪ್ಪರ್‌ನೊಳಗೆ ಹೋಗುವುದು. ಸಕ್ಕರೆ ಅಂಶ ಏರಲಿ ಅಂತ ಕಟಾವಿಗೆ ಮುಂಚೆ ನೀರು ನಿಲ್ಲಿಸುತ್ತೇವಲ್ಲ, ಅಪಾಯ ಜಾಸ್ತಿ ಇರುವುದು ಆಗ. ನಾನು ಪೂರ್ತಿ ನಿಲ್ಲಿಸುವುದಿಲ್ಲ. ಡ್ರಿಪ್ಪರ್ ಸುತ್ತ ತೇವ ಇರುವಷ್ಟು ಒಂಚೂರು ಬಿಡುತ್ತಿರುತ್ತೇನೆ.

ಖರ್ಚು ಹೂತದ್ದಕ್ಕೇ ಜಾಸ್ತಿ. ಒಳ್ಳೆಯ ಡ್ರಿಪ್ಪರ್, ವಾಲ್ವ್, ಹೂಳುವ ಕೂಲಿ ಎಲ್ಲ ಸೇರುತ್ತದೆ. ಕೂಳೆ ಮೇಲೆ ಕೂಳೆ ತೆಗೆದರೆ ಮಾತ್ರ ಗಿಟ್ಟುತ್ತದೆ. ನಮ್ಮ ಕಡೆ ಕಬ್ಬು ತೆಗೆದು ಅರಿಶಿನ ಹಾಕುವವರಿದ್ದಾರೆ. ಅವರು ಆಳವಾಗಿ ಉತ್ತರೆ ನೇಗಿಲು ಪೈಪನ್ನೇ ಕಿತ್ತು ತರುತ್ತದೆ. ಬೆಳೆ ಬದಲಿಸುವ ಯೋಚನೆ ಇದ್ದರೆ ಎರೆ ಭೂಮಿಯಾದರೂ ಮೇಲಿನ ಡ್ರಿಪ್ ಹಾಕಿಸಿ.