ಅನಿಲ ತುಂಬಿ ಮುಚ್ಚಿದ ನೈಟ್ರೋಜನ್ ಲೇಸರ್: ನಾಲ್ಕು ವರ್ಷ ಬಳಸಿದ ಮೇಲೆ

ಸಾವಯವ ಸ್ಫಟಿಕಗಳ ಮೇಲೆ ಲೇಸರ್ ಬಿದ್ದಾಗ ಚಿಮ್ಮುವ ಆವಿಮೋಡವನ್ನು ಅಭ್ಯಾಸ ಮಾಡಲೆಂದು ಕೊಂಡ 337 ನ್ಯಾನೊಮೀಟರ್ ತರಂಗಾಂತರದ, ಎಂದರೆ ಅತಿನೇರಳೆ ಬೆಳಕಿನ, ಈ ಲೇಸರಿನ ತಾಂತ್ರಿಕ ವಿವರಗಳೆಲ್ಲ ಕೈಪಿಡಿಯಲ್ಲಿಯೇ ಇವೆ. ನಾನು ಹೇಳಬೇಕಾದದ್ದು ಅದರ ಶಕ್ತಿ ಸದ್ದಿಲ್ಲದೆ ಕರಗುವ ಬಗೆಯನ್ನು.

ಅನಿಲ ತುಂಬಿ ಬೆಸೆದ ಕೊಳವೆಯಾದ್ದರಿಂದ ಸಿಲಿಂಡರಿನ ಗೋಜಿಲ್ಲವೆಂದು ಮೊದಲೆರಡು ವರ್ಷ ಹಿಗ್ಗಿದ್ದೆವು. ಮೂರನೆಯ ವರ್ಷದಲ್ಲಿ ಪ್ರತಿ ಪಲ್ಸಿನ (ಬೆಳಕಿನ ಒಂದೊಂದು ಹೊಡೆತದ) ಶಕ್ತಿ ಇಳಿಯತೊಡಗಿತು. ನಾವು ಅಳೆಯುವುದು ಆವಿಮೋಡದಲ್ಲಿರುವ ಅಯಾನುಗಳನ್ನು, ಎಂದರೆ ವಿದ್ಯುದಾವೇಶ ಹೊತ್ತ ಕಣಗಳನ್ನು. ಅವು ಹೊರಡತೊಡಗುವ ಕನಿಷ್ಠ ತೀವ್ರತೆಯ, ಅಂದರೆ ಹೊಸ್ತಿಲಿನ, ಸಮೀಪದಲ್ಲಿ ಅವುಗಳ ಇಳುವರಿಯು ಬೆಳಕಿನ ತೀವ್ರತೆಯ ನಾಲ್ಕರಿಂದ ಆರನೆಯ ಘಾತದಂತೆ ಬದಲಾಗುವುದರಿಂದ, ಶೇ. 10ರಷ್ಟು ಶಕ್ತಿ ಕುಸಿದರೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಅಯಾನುಗಳು ಕಾಣೆಯಾಗುತ್ತವೆ. ಸ್ಫಟಿಕ ಕೆಟ್ಟಿತೋ ಲೇಸರ್ ಬಳಲಿತೋ ತಿಳಿಯದೆ ಒಂದು ಮಳೆಗಾಲದ ಅಳತೆಗಳನ್ನೆಲ್ಲ ಕೈಬಿಟ್ಟೆವು. ಬದಲಿ ಕೊಳವೆಯ ಬೆಲೆ ನಮ್ಮ ವರ್ಷದ ರಾಸಾಯನಿಕಗಳ ಖರ್ಚನ್ನೂ ಮೀರಿತ್ತು. ಅದು ಬಂದದ್ದೂ ಐದು ತಿಂಗಳ ಬಳಿಕ.

ಹಾಗಿದ್ದೂ ಬೆಳಗಿನ ಕೆಲಸ ನನಗೆ ಪ್ರಿಯ. ನಮ್ಮ ಸ್ಫಟಿಕಗಳಿಗೆ ಮೂಲವಾದ ಡೈಹೈಡ್ರಾಕ್ಸಿಬೆಂಜೋಯಿಕ್ ಆಮ್ಲದ ದ್ರಾವಣದ ಒಂದು ಹನಿಯನ್ನು ಉಕ್ಕಿನ ತಟ್ಟೆಯ ಮೇಲಿಟ್ಟು, ಅದು ಒಣಗುತ್ತಾ ಅಂಚಿನಿಂದ ನಡುವಿಗೆ ಸೂಜಿಯಂಥ ಸ್ಫಟಿಕಗಳು ಚಾಚಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂರುತ್ತೇನೆ. ಅಷ್ಟರಲ್ಲಿ ಲೇಸರ್ ಬಿಸಿಯೇರಿ ಸಿದ್ಧವಾಗುತ್ತದೆ. ಕಣ್ಣಿಗೆ ಕಾಣದ ಅದರ ಕಿರಣವನ್ನು ಹುಡುಕಲು ಹಳೆಯ ಮದುವೆ ಪತ್ರಿಕೆಯ ಬಿಳಿ ಬೆನ್ನನ್ನು ಅಡ್ಡ ಹಿಡಿಯುತ್ತೇನೆ (ರಕ್ಷಣಾ ಕನ್ನಡಕ ಹಾಕಿಕೊಂಡೇ). ಕಾಗದದ ಮೇಲೆ ನೀಲಿ ಹೊಳಪೊಂದು ಟಿಕ್ ಟಿಕ್ ಎಂಬ ಸದ್ದಿನೊಡನೆ ಮಿಡಿಯುತ್ತದೆ.

ಆ ಹೊಳಪು ಒಂದೇ ಸಮನಾಗಿರುವುದಿಲ್ಲ. ಉದ್ದುದ್ದಕ್ಕೆ ಮಚ್ಚೆ ಮಚ್ಚೆಯಾಗಿರುವ ಇದನ್ನು ಬಹಳ ಕಾಲ ದೋಷವೆಂದೇ ಬಗೆದಿದ್ದೆ. ಕೊಳವೆಗಾಗಿ ಕಾಯುತ್ತಿದ್ದ ದಿನಗಳಲ್ಲಿ ಪಕ್ಕದ ಪ್ರಯೋಗಾಲಯದಿಂದ 355 ನ್ಯಾನೊಮೀಟರಿನ ಘನಸ್ಥಿತಿ ಲೇಸರೊಂದನ್ನು (ಅನಿಲದ ಬದಲು ಘನ ಸ್ಫಟಿಕದಿಂದ ಬೆಳಕು ಹೊಮ್ಮಿಸುವಂಥದ್ದು) ಎರವಲು ತಂದೆವು. ಅದರ ಕಿರಣ ನಯವಾಗಿತ್ತು, ಶಕ್ತಿ ಸ್ಥಿರವಾಗಿತ್ತು. ಆದರೆ ಒಣಗಿದ ಹನಿಯ ಒರಟು ಸೂಜಿಗಳ ಮೇಲೆ ಕಿರಣದ ನಡುಭಾಗ ಬಿದ್ದಲ್ಲಷ್ಟೇ ಸ್ಫಟಿಕ ಕೊರೆದು ಹೋಗಿ, ಆವಿಮೋಡವು ಒಂದು ಹೊಡೆತದಂತೆ ಇನ್ನೊಂದಿರಲಿಲ್ಲ. ನಮ್ಮ ಲೇಸರಿನ ಮಚ್ಚೆಗಳು ಹಲವೆಡೆ ಒಟ್ಟಿಗೆ ಆವಿಯೆಬ್ಬಿಸುತ್ತಿದ್ದುದರ ಬೆಲೆ ಆಗ ತಿಳಿಯಿತು. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿ ಕೊಯಿಚಿ ತನಕ ಅವರು ಪ್ರೋಟೀನುಗಳನ್ನು ಒಡೆಯದೆ ಅಯಾನುಗಳಾಗಿ ಹಾರಿಸಿದ್ದೂ ಇದೇ 337 ನ್ಯಾನೊಮೀಟರಿನಿಂದ.

ದಿನವಿಡೀ ಎಡೆಬಿಡದೆ ಹೊಡೆತ ಬೇಕಾದವರು ಘನಸ್ಥಿತಿ ಲೇಸರನ್ನೇ ಕೊಳ್ಳಲಿ, ಕಿರಣದ ಆಕಾರವನ್ನು ತಿದ್ದುವ ಖರ್ಚನ್ನೂ ಸೇರಿಸಿಕೊಳ್ಳಲಿ. ನಮ್ಮಂತೆ ಕೈಬಿಗಿ ಹಿಡಿದು ವಾರಕ್ಕೆರಡು ದಿನ ಅಳೆಯುವವರಿಗೆ ಇದು ಸಾಕು. ಪಲ್ಸಿನ ಶಕ್ತಿಯನ್ನು ಅಳೆಯುವ ಎನರ್ಜಿ ಮೀಟರನ್ನು ಮಾತ್ರ ಇದರ ಜೊತೆಗೇ ತರಿಸಿ, ಪ್ರತಿದಿನದ ಅಂಕಿಯನ್ನು ಬರೆದಿಡಿ. ಈಗಿನ ಕೊಳವೆ ಹೊಸದಿರುವಾಗಲೇ ಮುಂದಿನದಕ್ಕೆ ನಾನು ಅರ್ಜಿ ಹಾಕಿದ್ದೇನೆ.